ಹದಿನಾಲ್ಕಾದ ಮೇಲೆ ಹದಿನೆಂಟು

ಸೆರೋಬ್ ಲ್ಯಾಪ್‌ಟಾಪನ್ನು ಕಂಬಳಿಯಲ್ಲಿ ಸುತ್ತಿ ತಂದ,
ಜ್ವರದ ಮಗುವನ್ನು ತಂದ ಹಾಗೆ.
ಹೊರಗೆ ಸೊನ್ನೆಗಿಂತ ಇಪ್ಪತ್ತೆರಡು ಕೆಳಗೆ.
ಗ್ಯೂಮ್ರಿಯಲ್ಲಿ ಜನವರಿಯೆಂದರೆ
ಮೂಗಿನೊಳಗಿನ ಕೂದಲೂ ಲಟಕ್ಕೆನ್ನುವ ಕಾಲ.

"ಹೈಕಾನುಷ್, ಹಳೆಯದನ್ನೇ ಹಾಕಿಕೊಡು."
ಹೊಸ ವಿಂಡೋಸ್ ಬಂದದ್ದೇ ತಡ
ಅವನ ಕನ್ನಡಕದ ಗಾಜು ಕೊರೆಯುವ ಯಂತ್ರ
ಮಾತು ಬಿಟ್ಟಿದೆ. ಅದಕ್ಕೆ ಗೊತ್ತಿರುವುದು ಎಕ್ಸ್‌ಪಿ ಒಂದೇ.
ಈ ವಯಸ್ಸಲ್ಲಿ ಇನ್ನೊಂದು ಭಾಷೆ ಕಲಿಸುವವರಾರು?
ಹನ್ನೊಂದು ಜೊತೆ ಕನ್ನಡಕ ಬಾಕಿ,
ಅದರಲ್ಲೊಂದು ಶಾಲೆಯ ಅಡುಗೆಯ ಅರೆವ್‌ಹಾತಳದು.
ಮೂರು ವಾರದಿಂದ ಮಕ್ಕಳು
ಬೇಳೆಯ ಜೊತೆ ಕಲ್ಲನ್ನೂ ಅಗಿಯುತ್ತಿದ್ದಾರೆ.

ನನ್ನ ಅಂಗಡಿ ತಗಡಿನ ಡಬ್ಬಿ.
ನೆಲ ನಡುಗಿದ ಚಳಿಗಾಲದಲ್ಲಿ ರೈಲಿನ ಮೇಲೆ ಬಂದದ್ದು,
ಎರಡೇ ವರ್ಷಕ್ಕೆಂದು ಕೊಟ್ಟದ್ದು.
ಆಗ ನನಗೆ ಆರು. ಒಲೆಯ ಕೊಳವೆ
ಈಗ ಇದು ನಾಲ್ಕನೆಯದು.

ಸೀಡಿ ತಿರುಗಿತು. ನೀಲಿ ಪರದೆ ಬಂದು
ಇಲ್ಲಿ ಡಿಸ್ಕೇ ಇಲ್ಲ ಎಂದಿತು.
ಇದೆ ಮಾರಾಯ, ಒಳಗೆ ಗುರ್ರೆನ್ನುತ್ತಿದೆ, ಕಿವಿಗೊಡು.
ಹಳಬರಿಗೆ ಹೊಸ ಬಗೆಯ ಬಾಗಿಲು
ಬಾಗಿಲಾಗಿ ಕಾಣುವುದಿಲ್ಲ.
ಬಯೋಸ್‌ನಲ್ಲಿ ಒಂದು ಸಾಲು ಬದಲಿಸಿ
ಸಾಟಾಕ್ಕೆ, ಸ್ವಲ್ಪ ಹೊತ್ತು ಐಡಿಇಯ ವೇಷ ಹಾಕು ಎಂದೆ.
ಕಂಡಿತು.
ಕಂಡಮೇಲೆ, ಕಾಣದಿದ್ದರೇ ಚೆನ್ನಿತ್ತು ಅನ್ನಿಸಿತು:
ನಕಲು ಮೂವತ್ತೆಂಟಕ್ಕೆ ಬಂದು
ಕೆಸರಲ್ಲಿ ಹೂತ ಗಾಲಿಯಂತೆ ನಿಂತಿತು.

ಚೆಕ್‌ಡಿಸ್ಕ್, ಒಂದು ಖಾಲಿ, ಓರೆಗೆರೆ, ಆರ್.
ಎಂಟರ್ ಒತ್ತಿ ಚಹಾಕ್ಕೆ ನೀರಿಟ್ಟೆ.
ಐವತ್ತಾಯಿತು, ಎಪ್ಪತ್ತೈದಾಯಿತು,
ಮತ್ತೆ ಐವತ್ತಕ್ಕೇ ಇಳಿಯಿತು.
"ಇದೇನು ಏಣಿಯೋ ಜಾರುಬಂಡೆಯೋ?" ಸೆರೋಬ್ ಗೊಣಗಿದ.
ಅದು ಹಾಗೇ, ಅಂದೆ. ಕೂತಿರು.

ಅಂಚೆಯ ಮಾಟೆವೋಸ್ ಬಂದ, ಮೀಸೆಯಲ್ಲಿ ಮಂಜು,
ಕೈಗವಸು ಕಳಚಿ ಒಲೆಗೆ ಬೆರಳು ಚಾಚಿ
ಏನು ಮಾಡುತ್ತಿದೆ ಇದು, ಅಂದ.
ಒಂದೊಂದೇ ಮನೆಯ ಕದ ತಟ್ಟುತ್ತಿದೆ.
ಉತ್ತರ ಬರದಿದ್ದರೆ ಮತ್ತೆ ತಟ್ಟುತ್ತದೆ, ಮತ್ತೂ ತಟ್ಟುತ್ತದೆ.
ಆಮೇಲೆ ಗುರುತು ಹಾಕಿ ಮುಂದೆ ಹೋಗುತ್ತದೆ,
ಇಲ್ಲಿ ಇನ್ನು ಏನೂ ಬರೆಯಬಾರದೆಂದು.

ಮಾಟೆವೋಸ್ ಚಹಾ ಮುಗಿಸುವ ತನಕ ಮಾತಾಡಲಿಲ್ಲ.
"ನನ್ನ ಬೀದಿಯಲ್ಲಿ ಹದಿನಾಲ್ಕಾದ ಮೇಲೆ ಹದಿನೆಂಟು.
ಹೊಸ ಹುಡುಗ ಕೇಳಿದ, ಹದಿನಾರೆಲ್ಲಿ?
ಕಾರು ನಿಲ್ಲಿಸುವ ಜಾಗ ತೋರಿಸಿದೆ.
ವರ್ಷಕ್ಕೊಂದು ನೀರಿನ ಬಿಲ್ಲು ಈಗಲೂ ಬರುತ್ತದೆ ಅಲ್ಲಿಗೆ."
ಏನು ಮಾಡುತ್ತೀ?
"ಏನು ಮಾಡಲಿ. ಜೇಬಲ್ಲಿಡುತ್ತೇನೆ."
"ಅಷ್ಟು ವರ್ಷದ ಬಾಕಿ!" ಸೆರೋಬ್ ಅಂದ,
"ನಲ್ಲಿ ಕಟ್ಟು ಮಾಡಿಯಾರು, ಹೇಳು ಅವರಿಗೆ."
ಮೂವರೂ ನಕ್ಕೆವು, ತಗಡು ಅದುರುವಷ್ಟು.
ಹದಿನಾರರಲ್ಲಿ ಯಾರಿದ್ದರೆಂದು ಮೂವರಿಗೂ ಗೊತ್ತು.
ನಾನೆದ್ದು ಒಲೆಗೆ ಇನ್ನೊಂದು ಸೌದೆ ನೂಕಿದೆ.

ಬೆಳಗಿನ ನಾಲ್ಕಕ್ಕೆ ಮುಗಿಯಿತು.
ಒಂದೋ ಹಲವೋ ತಪ್ಪು ಸರಿಪಡಿಸಿದೆನೆಂದಿತು,
ಎಷ್ಟೆಂಬುದು ಅದಕ್ಕೇ ನೆನಪಿಲ್ಲ.
ಕೆಟ್ಟ ಜಾಗ ಇನ್ನೂರಾ ಎಂಟು ಕಿಲೋಬೈಟು.
ಈ ಸಲ ನಕಲು ಮೂವತ್ತೆಂಟನ್ನು
ತಿರುಗಿಯೂ ನೋಡದೆ ದಾಟಿತು.
ಬೆಳಕಾಗುವಾಗ ಪರದೆಯ ತುಂಬ ಹಸಿರು ಗುಡ್ಡ.
ನಿದ್ದೆಗಣ್ಣಲ್ಲಿ ಸೆರೋಬ್ ಕೇಳಿದ,
"ಈ ಹುಲ್ಲು ಯಾವೂರಿನದು?"

ಬಾಳುತ್ತದಾ?
ಇಲ್ಲ, ಅಂದೆ. ಗಾಜು ಕೊರೆಯುವಷ್ಟು ದಿನ ಬಾಳುತ್ತದೆ.
ಮಗಳ ಫೋಟೋ ಮಾತ್ರ ಇದರಲ್ಲಿಡಬೇಡ.
ಅಡಿಗೆ ಒಂದು ಚೀಟಿ ಅಂಟಿಸಿದೆ: ತಾರೀಖು, 208.
ಮುಂದಿನ ಸಲ ಲೆಕ್ಕಕ್ಕಿರಲಿ.

ಕಂಬಳಿ ಇಲ್ಲೇ ಮರೆತುಹೋದ.

ಶುಕ್ರವಾರ ಅರೆವ್‌ಹಾತ್ ಬಂದಳು, ಹೊಸ ಕನ್ನಡಕ,
ಕೈಯಲ್ಲಿ ಮುಚ್ಚಿದ ಪಾತ್ರೆ, ಬೇಳೆಸಾರು.
ನನ್ನ ಮುಖವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿ
"ನಿನಗೂ ವಯಸ್ಸಾಯಿತಲ್ಲೇ" ಅಂದಳು.
ಮೂರನೇ ತುತ್ತಿಗೆ ಕಲ್ಲು ಸಿಕ್ಕಿತು.
ಹೇಳಲಿಲ್ಲ.