ನೆಟ್‌ವರ್ಕ್ ಕಲ್ಲು

ಮಾಂದಲ್‌ಪಟ್ಟಿಗೆ ಇನ್ನೂ ಮೂರು ತಿರುವು ಇರುವಾಗ
ಜೀಪು ಕೆಮ್ಮಿತು. ಎರಡು ಸಲ. ಆಮೇಲೆ
ಏನೋ ಹೇಳಲು ಬಂದವರು ಬೇಡವೆಂದು ಹಿಂದೆ ಹೋದ ಹಾಗೆ
ಸುಮ್ಮನಾಯಿತು.

ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟೆ. ಬಾನೆಟ್ ಎತ್ತಿದೆ.
ಮಂಜು ನನಗಿಂತ ಮೊದಲೇ ಒಳಗೆ ಇಣುಕಿ ನೋಡುತ್ತಿತ್ತು.
ರಾಣೇಬೆನ್ನೂರಿನ ಬೀಜದಂಗಡಿಯವರು, ಅವರ ಹೆಂಡತಿ,
ಅತ್ತೆ, ಮತ್ತೆ ಒಂಬತ್ತು ವರ್ಷದ ಗುರುಪಾದ.
ಮಕ್ಕಂದೂರಿನಿಂದಲೂ ಬಾಯಲ್ಲೇ ಜೀಪು ಓಡಿಸುತ್ತ ಬಂದವನು,
ಗೇರನ್ನು ನನಗಿಂತ ಮೊದಲೇ ಬದಲಿಸಿದವನು,
'ಬಾಯಿ ಮುಚ್ಚಕೊಂಡ್ ಕುಂದ್ರಲೇ' ಎಂದು ಅಪ್ಪನಿಂದ
ತಲೆಯ ಮೇಲೊಂದು ತಿಂದವನು.

ಇಲ್ಲಿ ಫೋನು ಸತ್ತಿರುತ್ತದೆ.
ಮೇಲೆ, ನೇರಳೆ ಮರದ ಬುಡದಲ್ಲಿ ಒಂದು ಕಲ್ಲಿದೆ,
ಅದರ ಮೇಲೆ ನಿಂತು ಸುಂಟಿಕೊಪ್ಪದ ಕಡೆ ಮುಖ ಮಾಡಿದರೆ
ಎರಡು ಕಡ್ಡಿ.
ಎಲ್ಲ ಜೀಪಿನವರಿಗೂ ಗೊತ್ತು. ಯಾರೋ ಒಮ್ಮೆ
ಅದಕ್ಕೆ ಕುಂಕುಮ ಕೂಡ ಇಟ್ಟಿದ್ದರು, ತಮಾಷೆಗೋ, ನಿಜಕ್ಕೋ.

ಮೊಯ್ದು ಕಾಕ ಎತ್ತಿದರು. ಹಿಂದೆ ಪಾತ್ರೆಗಳ ಸದ್ದು,
ತಂಗಿಯ ಮಗಳ ನಿಕಾಹ್.
'ಬೇಗ ಹೇಳು ಕುಶಾಲಪ್ಪ, ಬಿರಿಯಾನಿ ಬಡಿಸ್ತಾ ಇದ್ದೇನೆ.'
'ಕಾಕಾ, ನಿಂತುಬಿಟ್ಟಿದೆ.'
'ಅದು ಗೊತ್ತು. ಓಡುವಾಗ ನೀನು ಯಾವತ್ತು ನನಗೆ ಫೋನ್ ಮಾಡಿದ್ದೀ?
ಹೇಗೆ ನಿಂತಿತು? ಸದ್ದು ಕೇಳಿಸು.'

ಸದ್ದು ಕೆಳಗಿದೆ, ಫೋನು ಮೇಲೆ.
ನಡುವೆ ಅರುವತ್ತು ಹೆಜ್ಜೆ, ಜಿಗಣೆ, ಜಾರುವ ಹುಲ್ಲು.
ನಾನೇ ಮಾಡಿ ತೋರಿಸಿದೆ: ಗಡಗಡ, ಗಡ, ಖಿಕ್.
'ಇದು ಜೀಪೋ, ನಿನ್ನ ಮಾವನ ಗೊರಕೆಯೋ?'

ಆಗ ಬಂದ ಹುಡುಗ, ಯಾರೂ ಕರೆಯದೆ,
ಬೂಟಿನ ತುಂಬ ಕೆಸರು. ಫೋನು ಕಸಿದುಕೊಂಡು
ಕಣ್ಣು ಮುಚ್ಚಿದ. ಶುರು ಮಾಡಿದ.
ಮಕ್ಕಂದೂರಿನ ಏರು, ಎರಡನೇ ಗೇರು, ಮೊದಲನೇ ಗೇರು,
ಗುಂಡಿ, ಗುಂಡಿಗೆ ನಾನು ಬೈದ ಬೈಗುಳ ಕೂಡ,
ಆಮೇಲೆ ಆ ತೆಳ್ಳನೆಯ ಎಳೆತ, ಹುಸ್ಸೆನ್ನುವ ಒಂದು ಹಸಿವು,
ಕೆಮ್ಮು,
ಕೆಮ್ಮು,
ಮತ್ತು ಆ ಮೌನ. ಮೌನವನ್ನೂ ಮಾಡಿದ ಅವನು,
ಎಷ್ಟು ಹೊತ್ತು ಇತ್ತೋ ಅಷ್ಟೇ ಹೊತ್ತು.

ಆ ಕಡೆ ಪಾತ್ರೆಗಳ ಸದ್ದೂ ನಿಂತಿತ್ತು.

'ಗಾಳಿ,' ಅಂದರು ಕಾಕ. 'ಡೀಸೆಲ್ ಪೈಪು ಬಿರಿದಿದೆ,
ಟ್ಯಾಂಕಿನ ಕಡೆಯ ರಬ್ಬರು. ಬಿರುಕು ಕತ್ತರಿಸಿ ಎಸೆ, ತಂತಿ ಬಿಗಿ.
ಆಮೇಲೆ ಫಿಲ್ಟರಿನ ಮೇಲಿನ ಬೋಲ್ಟು ಸಡಿಲಿಸಿ ಕೈಪಂಪು ಒತ್ತು.
ಹಾಲು ಕುಡಿದ ಮಗುವಿಗೆ ತೇಗು ಬರಿಸ್ತಾರಲ್ಲ, ಹಾಗೆ.
ನೊರೆ ನಿಲ್ಲುವವರೆಗೆ. ಆತುರ ಬೇಡ.'

ಹುಡುಗ ಕಲ್ಲಿನ ಮೇಲೆ, ಅಪ್ಪ ದಾರಿಯ ನಡುವೆ, ನಾನು ಜೀಪಿನ ಕೆಳಗೆ.
ಮಾತು ಇಳಿದು ಬರುವಷ್ಟರಲ್ಲಿ ಸ್ವಲ್ಪ ಸವೆದಿರುತ್ತಿತ್ತು:
'ಬಿಗಿ' ಅಂದದ್ದು 'ಬಿಡು' ಆಗಿ ಒಮ್ಮೆ
ಡೀಸೆಲ್ ನನ್ನ ತೋಳಿನೊಳಗೆ ಹರಿಯಿತು.
ತಂತಿ ಇರಲಿಲ್ಲ. ಅಜ್ಜಿ ತನ್ನ ಚೀಲದ ಹಿಡಿಗೆ ಸುತ್ತಿದ್ದನ್ನು
ಬಿಚ್ಚಿಕೊಟ್ಟಳು. ಆಮೇಲೆ, 'ಸರಿ ಅತ್ತಾಗ, ನಾ ತೇಗಸ್ತೀನಿ' ಎಂದು
ಸೆರಗು ಸಿಕ್ಕಿಸಿ ಕೈಪಂಪಿಗೆ ನಿಂತಳು, ನಾಲ್ಕು ಹೆತ್ತವಳು.

ನೊರೆ, ನೊರೆ, ಸಣ್ಣ ಗುಳ್ಳೆ,
ಆಮೇಲೆ ಬರೀ ಡೀಸೆಲ್, ತಿಳಿಜೇನಿನ ಬಣ್ಣದ್ದು.

ಕೀಲಿ ತಿರುಗಿಸಿದೆ.
ಮೇಲಿಂದ ಹುಡುಗ, ಕೆಳಗಿಂದ ಜೀಪು,
ಯಾರು ಮೊದಲು ಶುರುವಾದರೋ ಇವತ್ತಿಗೂ ಗೊತ್ತಿಲ್ಲ.

ತುದಿಗೆ ಹೋದೆವು. ಮಂಜು ಬಿಟ್ಟು ಏನೂ ಕಾಣಲಿಲ್ಲ,
ಯಾರೂ ಬೇಸರ ಮಾಡಿಕೊಳ್ಳಲಿಲ್ಲ.
ಇಳಿಯುವಾಗ ಅಪ್ಪ ಅವನ ಬಾಯಿ ಮುಚ್ಚಿಸಲಿಲ್ಲ.
ಅವನಿಗೆ ನಿದ್ದೆ ಹತ್ತಿತ್ತು.

ರಾತ್ರಿ ದುಡ್ಡು ಕೊಡಲು ಹೋದರೆ ಕಾಕ
ಬಿರಿಯಾನಿಯ ಪೊಟ್ಟಣ ನನ್ನ ಕೈಗಿಟ್ಟರು.
'ದುಡ್ಡು ಇರಲಿ. ಬುಧವಾರ ಜೀಪು ತಾ.
ಮೂರನೇ ಸಿಲಿಂಡರು ಗುಲಗಂಜಿಯಷ್ಟು ತಡವಾಗಿ ಹೊಡೀತದೆ.'
'ನೀವು ಜೀಪು ನೋಡಿಯೇ ಇಲ್ಲವಲ್ಲ ಕಾಕಾ?'
'ಹುಡುಗ ಹೇಳಿದ್ನಲ್ಲ.'