ಲಾಟ್ ನಂಬರ್ ನೂರಾ ಹದಿನೇಳು

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ಹರಾಜು ಬಾಯಲ್ಲೇ ನಡೆಯುತ್ತಿದ್ದ ಕಾಲಕ್ಕೆ
ನನ್ನ ಹೆಸರು ಮುಮ್ಮುನ್ನೂರು.
ಮುನ್ನೂರು ಅನ್ನುವಷ್ಟರಲ್ಲಿ
ಮ ತುಟಿಗೆ ಅಂಟಿ,
ಬೇಸಿನ್ನಿನ ಬಿಸಿನೀರಲ್ಲಿ ಎಳೆ ಸಿಗದ ಗೂಡಿನ ಹಾಗೆ
ಅಲ್ಲಲ್ಲೇ ಸುತ್ತುತ್ತಿತ್ತು.
ಅಷ್ಟರಲ್ಲಿ ಮುನ್ನೂರಿಪ್ಪತ್ತಕ್ಕೆ
ಜಾಲರಿಯ ಮೇಲೆ ಬೇರೆಯವರ ಚೀಟಿ.

ಪುಣ್ಯಕ್ಕೆ ಪಕ್ಕದಲ್ಲಿ ಇಲಿಯಾಜ್ ಇರುತ್ತಿದ್ದ.
ಅವನ ಮೊಣಕೈ ಒಂದು ಸಲ ಚಿವುಟಿದರೆ ಐದು ರೂಪಾಯಿ,
ಎರಡು ಸಲಕ್ಕೆ ಹತ್ತು.
ತನ್ನ ಲಾಟಿಗೆ ಕೂಗಿ ಒಡೆದ ಗಂಟಲಲ್ಲೇ
ನನ್ನದಕ್ಕೂ ಕೂಗುತ್ತಿದ್ದ.
ತನಗೇ ಬೇಕಾದ ಗೂಡಾದರೆ ಮೊದಲೇ ಹೇಳುತ್ತಿದ್ದ:
‘ಇದು ಬಿಟ್ಬಿಡು ಭಾಯ್, ನಂದು.’

ಈಗೆಲ್ಲ ಮೊಬೈಲಿನಲ್ಲಿ.
ಲಾಟು, ತಳಿ, ತೂಕ, ದರ.
ಒತ್ತಕ್ಷರಕ್ಕೆ ಎಡವುವವನಿಗೆ
ಬರೀ ಒತ್ತುವ ಕೆಲಸ. ಹೆಬ್ಬೆರಳಿಗೆ ಉಗ್ಗಿಲ್ಲ.
ಮೊದಲ ದಿನ ಎಪ್ಪತ್ತು ಕೇಜಿ ಗೂಡು
ತುಟಿ ಬಿಚ್ಚದೆ ನನ್ನದಾಯಿತು.
ಅದನ್ನು ಹಸೀನಾಗೆ ಹೇಳಿ ಮುಗಿಸಲು
ಕಾಲು ಗಂಟೆ ಹಿಡಿಯಿತು;
ಒಲೆಯ ಮುಂದೆ ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಗೂಡನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರೆ
ಒಳಗಿನದು ಟಕಟಕ ಅನ್ನಬೇಕು.
ಅನ್ನದಿದ್ದರೆ ಹುಳ ಅಲ್ಲೇ ಕರಗಿ ಅಂಟಿದೆ ಎಂದು ಲೆಕ್ಕ.
(ಮಾತು ಹೊರಡದ ನನ್ನನ್ನೂ ಅಬ್ಬ
ಹೀಗೇ ಭುಜ ಹಿಡಿದು ಅಲ್ಲಾಡಿಸುತ್ತಿದ್ದರು.)
ಸುಲಭವಾಯಿತಲ್ಲ ಎಂದು ಒಂದು ದಿನ
ಚಾ ಅಂಗಡಿಯಲ್ಲಿ ಕೂತೇ ಒತ್ತಿದೆ.
ಬಂದದ್ದರಲ್ಲಿ ಅರ್ಧ ಮೂಕ ಗೂಡು.
ಆ ವಾರ ನೂಲಿಗಿಂತ ನಾತವೇ ಹೆಚ್ಚು ತೆಗೆದೆವು.

ಮೊನ್ನೆ ನೂರಾ ಹದಿನೇಳು. ಚೀಮಂಗಲದ ಬೆಳೆ,
ಬಿಳಿ ಗೂಡು, ಎಲ್ಲ ಒಂದೇ ಗಾತ್ರ, ಕೈಯಾರೆ ನೋಡಿದ್ದೆ.
ಐನೂರ ನಲವತ್ತು ಒತ್ತಿದೆ.
ಯಾರೋ ನಲವತ್ತೊಂದು.
ನಲವತ್ತೆರಡು. ಯಾರೋ ನಲವತ್ಮೂರು.
ಯಾವನೋ ಇವನು, ದುಡ್ಡಿನ ಸೊಕ್ಕಿನವನು ಎಂದು
ಕಾಣದ ಮುಖಕ್ಕೆ ಬೈಗುಳ ಬೈದೆ. ಮನಸ್ಸಿನಲ್ಲಿ
ನನಗೆ ಯಾವತ್ತೂ ತೊದಲಿಲ್ಲ.
ಕಡೆಯ ಗಳಿಗೆಗೆ ನಲವತ್ತೆಂಟು. ನನ್ನದು.

ತೂಕದ ಹತ್ತಿರ ಇಲಿಯಾಜ್ ನಿಂತಿದ್ದ.
ಕೈಯಲ್ಲಿ ಫೋನು, ಪರದೆಯಲ್ಲಿ ನೂರಾ ಹದಿನೇಳು,
ಚೀಲ ಖಾಲಿ.
‘ನೀನಾ?’ ಅಂದ.
ಹ್ಞೂಂ ಅಂದೆ. ಅದೊಂದು ಸಲೀಸಾಗಿ ಬಂತು.
‘ಒಂದು ಸಲ ಚಿವುಟಿದ್ದರೆ ಬಿಡ್ತಿದ್ನಲ್ಲೋ.’

ಮಾಫ್ ಮಾಡು ಅನ್ನಬೇಕಿತ್ತು.
ಮ ತುಟಿಗೆ ಬಂದು ನಿಂತಿತು.
ತಕ್ಕಡಿಯವನು ಕಾದ. ಅವನೂ ಕಾದ.
ಆಮೇಲೆ ಹಳೇ ಅಭ್ಯಾಸ,
ಅವನೇ ಮುಗಿಸಿಕೊಟ್ಟ:
‘ಮುನ್ನೂರಾ?’