ಅಮಾಸಿ ದಿನ ಗುಡ್ಡ

ಅಮಾಸಿಗೆ ಮಗ್ಗ ತುಳಿಯಬಾರದು, ನಮ್ಮ ಓಣಿಯ ಕಟ್ಟಳೆ.
ಕೆಲಸವಿಲ್ಲದ ಕಾಲು ಮನೆಯೊಳಗೇ ತಿರುಗಿ ತಿರುಗಿ
ಹೊಸ್ತಿಲಿಗೆ ಎರಡು ಸಲ ಎಡವಿತು.
“ಗುಡ್ಡಾನರ ಹತ್ತಿ ಬರ್ರಿ,” ಅಂದಳು ನೀಲವ್ವ,
“ನನ್ನ ಮೊಣಕಾಲು ಒಲ್ಲೆ ಅಂತಾವ.”
ರೊಟ್ಟಿ ಆಗಲೇ ಕಟ್ಟಿಟ್ಟಿದ್ದಳು.

ದಸ್ತಗೀರ ಬಂದ, ಬಣ್ಣದ ಭಟ್ಟಿಯವ,
ಮೊಣಕೈತನಕ ಇನ್ನೂ ನಿನ್ನೆಯ ನೇರಳೆ.
ಅವನ ಹಿಂದೆ ಛತ್ರಿ ಹಿಡಿದು ನಮ್ಮ ಅತ್ತಿಗೆ ಗಿರಿಮಲ್ಲವ್ವ,
ಕರೆಯದಿದ್ದರೂ.
ಮೂವರದೂ ಕೂಡಿಸಿದರೆ ನೂರಾ ಎಪ್ಪತ್ತು ವರ್ಷ,
ಒಂದೇ ನೀರಿನ ಬಾಟಲಿ.

ಗುಳೇದಗುಡ್ಡದ ಗುಡ್ಡವೇನು ದೊಡ್ಡದಲ್ಲ.
ಮೋಡ ಇದನ್ನು ತಾಗುವುದಿಲ್ಲ, ಮೇಲೇ ಹಾದು ಹೋಗುತ್ತದೆ
ಕೈಮಾಡಿದರೂ ನಿಲ್ಲದ ಬಾದಾಮಿ ಬಸ್ಸಿನ ಹಾಗೆ.
ಕೆಂಪು ಕಲ್ಲು, ಕಲ್ಲಿನ ಸಂದಿಗೆ ಸೀತಾಫಲ,
ಗಿಡದ ಬುಡಕ್ಕೆ ಆಡಿನ ಹಿಕ್ಕಿ, ಅಷ್ಟೇ.
ಐವತ್ತೆಂಟು ವರ್ಷ ಇದರ ನೆರಳಿಗೆ ಕೂತವನು
ಹತ್ತಿದ್ದು ಮೂರು ಸಲ:
ಒಮ್ಮೆ ಅಪ್ಪನ ಏಟು ತಪ್ಪಿಸಿಕೊಂಡು,
ಒಮ್ಮೆ ಕಳೆದ ಆಡು ಹುಡುಕಿ,
ಒಮ್ಮೆ ಯಾಕೆಂದು ನೆನಪಿಲ್ಲ.

ನನ್ನ ಕಾಲಿಗೆ ಗೊತ್ತಿರುವುದು ಕುಣಿಯೊಳಗಿನ ಎರಡು ಹಲಗೆ.
ಒಂದು ತುಳಿದರೆ ಇನ್ನೊಂದು ಏಳುತ್ತದೆ.
ಇಲ್ಲಿ ತುಳಿದ ಕಲ್ಲು ತುಳಿದಲ್ಲೇ ಇರುತ್ತದೆ,
ಏಳಬೇಕಾದವನು ನಾನೇ.

ಗಿರಿಮಲ್ಲವ್ವ ಹತ್ತು ಹೆಜ್ಜೆಗೊಮ್ಮೆ ನಿಂತು
ಹಣ್ಣಿನ ಕಣ್ಣು ಬಿಚ್ಚಿದೆಯೋ ಎಂದು ಒತ್ತಿ ನೋಡುತ್ತಾಳೆ.
“ಇದು ನಾಳಿಗೆ, ಇದು ನಾಡಿದ್ದಿಗೆ,” ಸೆರಗಿಗೆ ಲೆಕ್ಕ ಒಪ್ಪಿಸುತ್ತಾಳೆ.
ದಸ್ತಗೀರ ಕಲ್ಲಿಗೆಲ್ಲ ಹೆಸರಿಡುತ್ತಾನೆ:
ಇಟ್ಟಂಗಿ, ದಾಳಿಂಬರಿ, ಸುಟ್ಟ ಮೆಣಸಿನಕಾಯಿ.
“ಈ ಕೆಂಪು ನನಗ ಇಪ್ಪತ್ತು ವರ್ಷದಾಗ ಒಮ್ಮೆನೂ ಬಿದ್ದಿಲ್ಲೋ,”
ಎಂದು ಒಂದು ಬಂಡೆಯ ಮುಂದೆ ಚಪ್ಪಲಿ ಬಿಟ್ಟು ನಿಂತ.
ನಾವೂ ನಿಂತೆವು. ಅವಸರ ಯಾರಿಗಿತ್ತು.

ಹಾಳು ಅಗಸಿಯ ನೆರಳಲ್ಲಿ ಬುತ್ತಿ ಬಿಚ್ಚಿದೆವು.
ಕಟಕ ರೊಟ್ಟಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು,
ಮುಷ್ಟಿಯಿಂದ ಗುದ್ದಿ ಒಡೆದ ಉಳ್ಳಾಗಡ್ಡಿ.
ಮಂಗ ಬಂದು ಛತ್ರಿ ಒಯ್ಯಿತು.
ಗಿರಿಮಲ್ಲವ್ವ ಬೈದ ಬೈಗುಳಕ್ಕೆ
ಅದರ ಮೂರು ತಲೆಮಾರು ತಲೆ ತಗ್ಗಿಸಿರಬೇಕು;
ಛತ್ರಿ ಮಾತ್ರ ಮರದಿಂದ ಇಳಿಯಲಿಲ್ಲ.

ತುದಿಯಲ್ಲಿ ಗಾಳಿ. ಕೆಳಗೆ ಊರು:
ಮಾಳಿಗೆ ಮಾಳಿಗೆಗೆ ಕರೀ ನೀರಿನ ಟಾಕಿ, ಬಿಸಿಲಿಗೆ ಹಾಕಿದ ಕೌದಿ.
ನಮ್ಮ ಮನೆ ಹುಡುಕಿದೆ, ಸಿಗಲಿಲ್ಲ.
ಕಿವಿಯಿಂದ ಓಣಿ ಗುರುತಿಸುವವನು ನಾನು;
ಇವತ್ತು ಊರಿಗೂರೇ ಬಾಯಿ ಮುಚ್ಚಿದೆ.

ಆಗ ಕೇಳಿತು, ಒಂದೇ ಒಂದು ಮಗ್ಗ.
ಖಟ್, ಖಟ್, ತಡೆದು ಖಟ್.
“ಯಾವನೋ ಅಂವ, ಅಮಾಸಿ ದಿನ!” ಎಂದ ದಸ್ತಗೀರ.
“ಯಾರದೋ ಮದುವಿ ಗಡಿಬಿಡಿ ಇರಬೇಕು,” ಅತ್ತಿಗೆ.
ನಾನು ರೊಟ್ಟಿಯ ಚೂರು ಅಗಿಯುತ್ತ ಸುಮ್ಮನಿದ್ದೆ.
ಮೂರನೆಯ ಏಟಿಗೆ ತಡೆಯುವುದು ನನ್ನ ಮಗ್ಗ,
ಅಪ್ಪನ ಕಾಲದಿಂದ ಅದಕ್ಕೊಂದು ಕುಂಟು.

ಮೂವತ್ತೊಂದು ವರ್ಷ ಪಕ್ಕದಲ್ಲಿ ಕೂತು ಕಂಡಿಕೆ ಸುತ್ತಿದವಳು.
ನಾನೂ ಕುಣಿಗೆ ಇಳಿಯಲೇನು ಎಂದು ಒಮ್ಮೆ ಕೇಳಿದ್ದಳು,
ಮದುವೆಯಾದ ಹೊಸದರಲ್ಲಿ.
ನಕ್ಕಿದ್ದೆ.
ಆಮೇಲೆ ಕೇಳಲಿಲ್ಲ.

ಮೊಣಕಾಲು ನೋವಂತೆ!
ಬಿಡದೆ ತುಳಿಯುತ್ತಿತ್ತು.

ಬಿಸಿಲು ಇಳಿಯಲಿ, ಆಮೇಲೆ ಇಳಿಯೋಣ ಎಂದೆ.
ಇನ್ನೊಂದು ಬಂಡೆ ತೋರಿಸು, ಇನ್ನೊಂದು ಕೆಂಪು ಹೇಳು,
ದಸ್ತಗೀರನ ಬೆನ್ನು ಹತ್ತಿದೆ.
ಕತ್ತಲಾಗುವ ಹೊತ್ತಿಗೆ ಓಣಿ ಮುಟ್ಟಿ
ತಿರುವಿನಲ್ಲೇ ಕೆಮ್ಮಿದೆ, ಜೋರಾಗಿ, ಎರಡು ಸಲ.

ನೀಲವ್ವ ಒಲೆಯ ಮುಂದಿದ್ದಳು.
ಮಗ್ಗಕ್ಕೆ ಹೊದಿಸಿದ ಬಟ್ಟೆ
ನಾನು ಹೊದಿಸಿದ್ದಕ್ಕಿಂತ ಅಚ್ಚುಕಟ್ಟು. ಎತ್ತಿ ನೋಡಲಿಲ್ಲ.
“ಹೆಂಗಿತ್ತು ಗುಡ್ಡ?” ಅಂದಳು.
“ಪೂರಾ ನೋಡಾಕ ಆಗಲಿಲ್ಲ,” ಅಂದೆ,
“ಮುಂದಿನ ಅಮಾಸಿಗೆ ಮತ್ತ ಹೋಗಬೇಕು.”

ಅವಳು ಸೀತಾಫಲ ಒಂದೊಂದೇ ಒತ್ತಿ ನೋಡಿ
ಜೋಳದ ಚೀಲದೊಳಗೆ ಹುಗಿದಳು.